ಕಣ ಆಧಾರಿತ ಜಲಪ್ರವಾಹ ಗಣನೆ: ಸಾರ್ವಜನಿಕ ಮಾಹಿತಿ

ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳು ಸಮುದ್ರದಿಂದ ದೂರವಿದ್ದರೂ ಗೊರೂರಿನ ಹೇಮಾವತಿ ಜಲಾಶಯ, ಅದರ ನಾಲೆಗಳು ಹಾಗೂ ಕಾವೇರಿ ನದಿಯನ್ನು ಅವಲಂಬಿಸಿವೆ. ಕಡಲತೀರದ ಕಾಮಗಾರಿಗಳ ವಿನ್ಯಾಸದಲ್ಲಿ ಬಳಕೆಯಲ್ಲಿರುವ ಕಣ ಆಧಾರಿತ ಗಣನಾ ವಿಧಾನವು ಅಣೆಕಟ್ಟೆಗಳ ಅಧ್ಯಯನಕ್ಕೂ ಅನ್ವಯವಾಗುವುದರಿಂದ, ಅದರ ಉಪಯೋಗ ಮತ್ತು ಇತಿಮಿತಿಗಳನ್ನು ಇಲ್ಲಿ ವಿವರಿಸಲಾಗಿದೆ.

ವಿಧಾನ

ಸಾಮಾನ್ಯ ಗಣನೆಯಲ್ಲಿ ನೀರಿರುವ ಪ್ರದೇಶವನ್ನು ಸ್ಥಿರವಾದ ಚೌಕಗಳ ಜಾಲವಾಗಿ ವಿಂಗಡಿಸಲಾಗುತ್ತದೆ. ಅಲೆಯು ಒಡೆದು ನೀರು ಸಿಡಿಯುವ ಸ್ಥಳದಲ್ಲಿ ಇಂತಹ ಜಾಲದ ಮೂಲಕ ನೀರಿನ ಮೇಲ್ಮೈಯನ್ನು ಗುರುತಿಸುವುದು ಕಷ್ಟಸಾಧ್ಯ. ಕಣ ಆಧಾರಿತ ವಿಧಾನದಲ್ಲಿ ನೀರನ್ನೇ ಅಸಂಖ್ಯಾತ ಕಣಗಳೆಂದು ಭಾವಿಸಲಾಗುತ್ತದೆ. ಪ್ರತಿ ಕಣಕ್ಕೂ ದ್ರವ್ಯರಾಶಿ, ಸ್ಥಾನ ಮತ್ತು ವೇಗವಿರುತ್ತದೆ. ನೆರೆಯ ಕಣಗಳ ಒತ್ತಡ, ಸ್ನಿಗ್ಧತೆ ಹಾಗೂ ಗುರುತ್ವವನ್ನು ಲೆಕ್ಕಹಾಕಿ, ಅತ್ಯಲ್ಪ ಕಾಲಾಂತರದಲ್ಲಿ ಕಣವು ಎಲ್ಲಿಗೆ ಚಲಿಸುವುದೆಂಬುದನ್ನು ಗಣಕಯಂತ್ರವು ಪುನಃಪುನಃ ನಿರ್ಧರಿಸುತ್ತದೆ.

ಹಿನ್ನೆಲೆ

1977ರಲ್ಲಿ ಲೂಸಿ ಅವರು ಹಾಗೂ ಪ್ರತ್ಯೇಕವಾಗಿ ಗಿಂಗೋಲ್ಡ್ ಮತ್ತು ಮೊನಗನ್ ಅವರು ಈ ವಿಧಾನವನ್ನು ಖಗೋಳ ವಿಜ್ಞಾನಕ್ಕಾಗಿ ರೂಪಿಸಿದರು. 1994ರಲ್ಲಿ ಮೊನಗನ್ ಇದನ್ನು ತೆರೆದ ಮೇಲ್ಮೈಯುಳ್ಳ ನೀರಿನ ಹರಿವಿಗೆ ಅನ್ವಯಿಸಿದರು. ತಡೆಯೊಡೆದು ನುಗ್ಗುವ ನೀರು ಅಂದಿನಿಂದಲೂ ಈ ವಿಧಾನದ ಪ್ರಮುಖ ಪರೀಕ್ಷಾ ಉದಾಹರಣೆಯಾಗಿದೆ. ಅಲೆತಡೆಗೋಡೆಯ ಮೇಲೆ ಬೀಳುವ ಹೊಡೆತ ಮತ್ತು ಗೋಡೆಯನ್ನು ದಾಟಿ ಬರುವ ನೀರಿನ ಪ್ರಮಾಣವನ್ನು ಅಂದಾಜಿಸಲು ಇದು ಉಪಯುಕ್ತವಾಗಿದೆ. ಫಲಿತಾಂಶಗಳನ್ನು ಪ್ರಯೋಗಾಲಯದ ಅಲೆತೊಟ್ಟಿಗಳಲ್ಲಿನ ಅಳತೆಗಳೊಂದಿಗೆ ಹೋಲಿಸಿ ಪರಿಶೀಲಿಸುವುದು ಅವಶ್ಯಕ.

ಹೇಮಾವತಿ ಕಣಿವೆಗೆ ಅನ್ವಯ

1979ರಲ್ಲಿ ಪೂರ್ಣಗೊಂಡ ಹೇಮಾವತಿ ಜಲಾಶಯದ ಪೂರ್ಣ ಮಟ್ಟ 2,922 ಅಡಿ ಹಾಗೂ ಸಂಗ್ರಹ ಸಾಮರ್ಥ್ಯ 37.103 ಟಿ.ಎಂ.ಸಿ., ಅಂದರೆ ಸುಮಾರು 105 ಕೋಟಿ ಘನ ಮೀಟರ್. ಒಂದು ಮೀಟರ್ ಅಂತರದ ಕಣಗಳಿಂದ ಇದನ್ನು ತುಂಬಲು 105 ಕೋಟಿ ಕಣಗಳು ಬೇಕು. ಅಂತರವನ್ನು ಅರ್ಧ ಮೀಟರಿಗೆ ಇಳಿಸಿದಲ್ಲಿ ಕಣಗಳ ಸಂಖ್ಯೆ ಎಂಟು ಪಟ್ಟಾಗುತ್ತದೆ. ಆದ್ದರಿಂದ ಕೋಡಿಯ ಬಾಗಿಲು, ಸೇತುವೆಯ ಕಂಬ ಮುಂತಾದ ಸೀಮಿತ ಸ್ಥಳಗಳಿಗೆ ಕಣ ವಿಧಾನವೂ, ನದಿಯ ಉದ್ದದ ಪ್ರವಾಹಕ್ಕೆ ಜಾಲ ವಿಧಾನವೂ ಸೂಕ್ತವಾಗಿವೆ.

ಹೊಳೆನರಸೀಪುರ ಪಟ್ಟಣವು ಅಣೆಕಟ್ಟೆಯ ಕೆಳಭಾಗದಲ್ಲಿ ಹೇಮಾವತಿಯ ದಡದಲ್ಲಿದೆ. ಅರಕಲಗೂಡು ತಾಲ್ಲೂಕಿನ ರಾಮನಾಥಪುರವು ಕಾವೇರಿಯ ದಡದಲ್ಲಿದ್ದು, 2018ರ ಆಗಸ್ಟ್‌ನಲ್ಲಿ ಅಲ್ಲಿ ಪ್ರವಾಹ ಉಂಟಾಗಿತ್ತು. ಗೊರೂರಿನ ಕುರಿತ ಗಣನೆಯು ರಾಮನಾಥಪುರಕ್ಕೆ ಅನ್ವಯಿಸುವುದಿಲ್ಲ. ಎಡದಂಡೆ ನಾಲೆಯ ನೀರು ಪಡೆಯುವ ಚನ್ನರಾಯಪಟ್ಟಣದಲ್ಲಿ ನಾಲೆ ಮತ್ತು ಕೆರೆ ಏರಿಗಳ ಸುರಕ್ಷತೆಯೇ ಪ್ರತ್ಯೇಕ ವಿಷಯವಾಗಿದೆ.

ನಾಗರಿಕರು ಗಮನಿಸಬೇಕಾದ ಅಂಶಗಳು

1. ಗಣನೆಯ ನಿಖರತೆಯು ಭೂಮಟ್ಟದ ಅಳತೆ ಹಾಗೂ ಒಳಹರಿವಿನ ಅಂದಾಜನ್ನು ಅವಲಂಬಿಸಿದೆ. ಅಳತೆಯ ನಂತರ ನದಿಪಾತ್ರದಲ್ಲಿ ಮಣ್ಣು ತುಂಬಿದ್ದರೆ ಅಥವಾ ಕಟ್ಟಡ ನಿರ್ಮಿಸಿದ್ದರೆ ಫಲಿತಾಂಶವೂ ಬದಲಾಗುತ್ತದೆ.

2. ನಕ್ಷೆಯಲ್ಲಿನ ಮುಳುಗಡೆ ಗೆರೆಯು ಅಂದಾಜು ಮಾತ್ರ. ಗೆರೆಯ ಹೊರಗಿರುವ ನಿವೇಶನವು ಸಂಪೂರ್ಣ ಸುರಕ್ಷಿತವೆಂದು ಭಾವಿಸತಕ್ಕದ್ದಲ್ಲ.

3. ಅಣೆಕಟ್ಟು ಸುರಕ್ಷತಾ ಅಧಿನಿಯಮ, 2021ರ ಪ್ರಕಾರ ನಿಗದಿತ ಅಣೆಕಟ್ಟೆಗಳ ಮಾಲೀಕರು ತುರ್ತು ಕಾರ್ಯಯೋಜನೆಯನ್ನು ಸಿದ್ಧಪಡಿಸಬೇಕಾಗಿದೆ.

4. ಅಧ್ಯಯನಗಳ ಕುರಿತು ಮಾಹಿತಿ ಬಯಸುವವರು ಮಾಹಿತಿ ಹಕ್ಕು ಅಧಿನಿಯಮ, 2005ರಡಿ ರೂ. 10 ಶುಲ್ಕದೊಂದಿಗೆ ಸಂಬಂಧಪಟ್ಟ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ ಸಲ್ಲಿಸಬಹುದು. ಅರ್ಜಿಯಲ್ಲಿ ಊರು, ನದಿ ಮತ್ತು ಬೇಕಾದ ದಾಖಲೆಯನ್ನು ಸ್ಪಷ್ಟವಾಗಿ ನಮೂದಿಸುವುದು. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ನೀಡಬೇಕಾಗಿದ್ದು, ಅಧಿನಿಯಮದಲ್ಲಿ ವಿನಾಯಿತಿ ಪಡೆದ ಮಾಹಿತಿಯನ್ನು ನಿರಾಕರಿಸಬಹುದಾಗಿದೆ.

5. ನೀರು ಬಿಡುವ ಮುನ್ನೆಚ್ಚರಿಕೆ ಬಂದಾಗ ನಕ್ಷೆಗಾಗಿ ಕಾಯದೆ, ಜಾನುವಾರುಗಳೊಂದಿಗೆ ಕೂಡಲೇ ಎತ್ತರದ ಸ್ಥಳಕ್ಕೆ ತೆರಳತಕ್ಕದ್ದು.