ಕಜ್ಜಿಯ ಗುರುತು: ಸೂಜಿಮೊನೆಯ ಸಾಕ್ಷ್ಯ

ಹಳೆಯ ಬರಹಗಳಲ್ಲಿ 'ಕಜ್ಜಿ' ಎಂಬ ಮಾತು ಕಂಡೊಡನೆ ಅದನ್ನು ಸ್ಕೇಬೀಸ್ ಎಂದು ಅನುವಾದಿಸುವುದು ಸುಲಭ; ಆದರೆ ನಾವು ಅದನ್ನು ಒಪ್ಪಲಾರೆವು. ತುರಿಸುವ ಹುಣ್ಣು, ಇಸುಬು, ಕೀವುಗುಳ್ಳೆಗಳೆಲ್ಲಕ್ಕೂ ಜನರ ಬಾಯಲ್ಲಿ ಅದೊಂದೇ ಹೆಸರು. ಯುರೋಪಿನ ವೈದ್ಯರೂ ಇವನ್ನು ಬೇರ್ಪಡಿಸಲು ಬಹುಕಾಲ ತೊಡಕುಪಟ್ಟರು.

1687ರಲ್ಲಿ ಇಟಲಿಯ ವೈದ್ಯ ಬೊನೊಮೊ, ಔಷಧ ವ್ಯಾಪಾರಿ ಚೆಸ್ಟೋನಿಯ ನೆರವಿನಿಂದ, ರೋಗಿಯ ಚರ್ಮದಿಂದ ತೆಗೆದ ಹುಳುವನ್ನು ಸೂಕ್ಷ್ಮದರ್ಶಕದಲ್ಲಿ ಕಂಡು ಫ್ರಾಂಚೆಸ್ಕೊ ರೆಡಿಗೆ ಪತ್ರ ಬರೆದನು. ರೋಗದ ಮೂಲ ದೇಹರಸಗಳ ದೋಷವಲ್ಲ, ಈ ಜೀವಿಯೇ ಎಂಬ ವಾದವನ್ನು ಪಂಡಿತರು ಮನ್ನಿಸಲಿಲ್ಲ. 1812ರಲ್ಲಿ ಪ್ಯಾರಿಸ್ಸಿನ ಗಾಲೆ ಹುಳುವಿನ ಚಿತ್ರವನ್ನು ಪ್ರಕಟಿಸಿದನಾದರೂ ಅದು ಚೀಸಿನ ಹುಳುವಿನದೆಂದು 1829ರಲ್ಲಿ ರಾಸ್ಪೇಲ್ ತೋರಿಸಿದನು. ಹುಡುಕಿದವರೆಲ್ಲ ಕೀವುಗುಳ್ಳೆಯಲ್ಲಿಯೇ ಹುಡುಕುತ್ತಿದ್ದರು, ಹುಳುವಾದರೋ ಅಲ್ಲಿರುವುದಿಲ್ಲ. 1834ರಲ್ಲಿ ಕಾರ್ಸಿಕಾದ ವಿದ್ಯಾರ್ಥಿ ರೆನೂಚಿಯು ಪ್ಯಾರಿಸ್ಸಿನ ಸೇಂಟ್ ಲೂಯಿ ಆಸ್ಪತ್ರೆಯಲ್ಲಿ, ತನ್ನ ನಾಡಿನ ಬಡ ಹೆಂಗಸರು ಮಾಡುತ್ತಿದ್ದಂತೆ, ಚರ್ಮದೊಳಗಿನ ಸಣ್ಣ ಸುರಂಗದ ತುದಿಗೆ ಸೂಜಿಯೂರಿ ಅರ್ಧ ಮಿಲಿಮೀಟರಿಗಿಂತಲೂ ಚಿಕ್ಕದಾದ ಆ ಜೀವಿಯನ್ನು ಎತ್ತಿ ತೋರಿಸಿದನು. ಪಂಡಿತರಿಗೆ ಪಾಠ ಹೇಳಿದವರು ಆ ಹೆಸರಿಲ್ಲದ ಹೆಂಗಸರೆಂದೇ ನಮ್ಮ ಎಣಿಕೆ.

ಆದಕಾರಣ ಬೆರಳಸಂದು, ಮಣಿಕಟ್ಟು, ಇರುಳಿನಲ್ಲಿ ಹೆಚ್ಚುವ ತುರಿಕೆ, ಮನೆಮಂದಿಗೆಲ್ಲ ಹರಡುವಿಕೆ ಇವು ಒಟ್ಟಿಗೆ ಉಕ್ತವಾಗಿರುವಲ್ಲಿ ಮಾತ್ರ ನಾವು ಸ್ಕೇಬೀಸನ್ನು ಊಹಿಸಬಹುದು. ಆಗಲೂ ಅದು ಊಹೆಯೇ. ಉಂಗುರದಂತೆ ಅಂಚು ಬೆಳೆಯುತ್ತಿದ್ದರೆ ಅದು ಹುಳುಕಡ್ಡಿ. ಹೆಸರಿನಲ್ಲಿ ಹುಳುವಿದ್ದರೂ ಅದು ಶಿಲೀಂಧ್ರದ ರೋಗ.