ಒಂದೇ ದೋಷ, ಹಲವರ ನಷ್ಟ

ಕಾರಖಾನೆಯೊಂದರಲ್ಲಿ ಒಂದೇ ಅಚ್ಚಿನಿಂದ ಲಕ್ಷ ಯಂತ್ರಗಳು ಹೊರಬೀಳುತ್ತವೆ. ಅವುಗಳಲ್ಲೊಂದನ್ನು ಗಂಗಾವತಿಯ ಗೃಹಸ್ಥರೊಬ್ಬರು ಕೊಳ್ಳುತ್ತಾರೆ. ಇನ್ನೊಂದು ಕುಷ್ಟಗಿಯ ಅಂಗಡಿಕಾರರ ಮನೆ ಸೇರುತ್ತದೆ. ಮತ್ತೊಂದು ಕಡಲಾಚೆ ಹೋಗುತ್ತದೆ. ಅಚ್ಚಿನಲ್ಲಿಯೇ ದೋಷವಿದ್ದರೆ ಈ ಮೂರು ಮನೆಗಳಲ್ಲಿಯೂ ಅದೇ ಕೇಡು ತಲೆದೋರುವುದು ಸಹಜ. ಆಗ ಕೊಂಡವರೆಲ್ಲ ಒಂದುಗೂಡಿ, ತಮ್ಮಲ್ಲಿ ಒಬ್ಬಿಬ್ಬರನ್ನು ಮುಂದೆ ಮಾಡಿ, ತಯಾರಕನ ಮೇಲೆ ಒಂದೇ ದಾವೆ ಹೂಡುವುದು ನ್ಯಾಯಸಮ್ಮತವೆ? ಇಲ್ಲವೆ ಅದು ಉದ್ಯಮಿಯನ್ನು ಬೆದರಿಸಿ ವಕೀಲರ ಜೇಬು ತುಂಬಿಸುವ ಹೂಟವೆ? ರೇಡಿಯೋ, ಟೆಲಿವಿಷನ್, ಮೊಬೈಲು ಇರುವ ಪ್ರತಿಯೊಂದು ಮನೆಗೂ ತಾಕುವ ಪ್ರಶ್ನೆಯಿದು. ಉತ್ತರ ಹೇಳುವ ಮುನ್ನ, ವಾಚಕರು ನನ್ನೊಡನೆ ಒಂಬೈನೂರು ವರ್ಷ ಹಿಂದಕ್ಕೆ ಬರಬೇಕೆಂದು ಕೋರುತ್ತೇನೆ.

ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನು 1076ರಿಂದ 1126ರವರೆಗೆ ಆಳಿದನು. ಅವನ ದಂಡನಾಯಕ ಮಹಾದೇವನು 1112ರಲ್ಲಿ ಕಟ್ಟಿಸಿದ ದೇಗುಲವು ನಮ್ಮ ಯಲಬುರ್ಗಾ ಸೀಮೆಯ ಇಟಗಿಯಲ್ಲಿ ಇಂದಿಗೂ ನಿಂತಿದೆ. ಅದೇ ಅರಸನ ಕಾಲದಲ್ಲಿ, ಕಲ್ಯಾಣ ಪಟ್ಟಣದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರ’ವೆಂಬ ವ್ಯಾಖ್ಯಾನವನ್ನು ಬರೆದನು. ಮನೆತನದ ಆಸ್ತಿ ಪಾಲಾಗುವಾಗ ಈ ಗ್ರಂಥದ ಹೆಸರನ್ನು ನೀವು ಕೇಳಿರಬಹುದು. ಆದರೆ ಕೊಳ್ಳುವ, ಮಾರುವ ವ್ಯವಹಾರದ ವಿಚಾರವೂ ಅಲ್ಲಿ ಉಂಟು. ಕೊಂಡ ಸರಕನ್ನು ಪರೀಕ್ಷಿಸಿ ನೋಡಲು ಸ್ಮೃತಿಕಾರನು ಗಡುವು ಹಾಕಿಕೊಟ್ಟಿದ್ದಾನೆ: ಬೀಜಕ್ಕೆ 10 ದಿನ, ಕಬ್ಬಿಣಕ್ಕೆ 1 ದಿನ, ಹೊರೆ ಹೊರುವ ಪಶುವಿಗೆ 5 ದಿನ, ರತ್ನಕ್ಕೆ 7 ದಿನ, ಕರೆಯುವ ಪಶುವಿಗೆ 3 ದಿನ. ದಾಸದಾಸಿಯರೂ ಆ ಪಟ್ಟಿಯಲ್ಲಿ ಸೇರಿರುವುದು ಆ ಕಾಲದ ಕಳಂಕ, ಅದನ್ನು ಮುಚ್ಚಿಡಬೇಕಾಗಿಲ್ಲ. ಕೆಟ್ಟ ಸರಕನ್ನು ಒಳ್ಳೆಯದೆಂದು ಮಾರಿದವನಿಗೆ ಬೆಲೆಯ ಎರಡರಷ್ಟು ದಂಡವೆಂಬ ವಿಧಿಯೂ ಅಲ್ಲಿದೆ.

ಈ ಗಡುವುಗಳ ಹಿಂದಿರುವ ವಿವೇಕವನ್ನು ಗಮನಿಸಿ. ಬೀಜ ಮೊಳೆಯಲು ದಿನಗಳು ಬೇಕು. ಹಸು ಹಾಲು ಕೊಡುತ್ತದೆಯೋ ಇಲ್ಲವೋ ಎರಡು ಮೂರು ಹೊತ್ತಿನಲ್ಲಿ ತಿಳಿಯುತ್ತದೆ. ಕಬ್ಬಿಣವನ್ನು ಕಾಯಿಸಿ ಬಡಿದರೆ ಅಂದೇ ಗೊತ್ತಾಗುತ್ತದೆ. ದೋಷ ಹೊರಬೀಳಲು ಎಷ್ಟು ಕಾಲ ಬೇಕೋ ಅಷ್ಟು ಕಾಲ ಕೊಂಡವನಿಗೆ ಹಕ್ಕಿರಬೇಕೆಂಬುದೇ ಅದರ ತಿರುಳು. ಆದರೆ ಒಂದು ಸಂಗತಿ ಅಲ್ಲಿ ಕಾಣುವುದಿಲ್ಲ. ಆ ಶಾಸ್ತ್ರದ ಕಣ್ಣಿನಲ್ಲಿ ಮಾರುವವನು ಒಬ್ಬ, ಕೊಳ್ಳುವವನು ಒಬ್ಬ. ಒಬ್ಬನೇ ಮಾಡಿದ ತಪ್ಪು ಒಂದೇ ಗಳಿಗೆಯಲ್ಲಿ ಸಾವಿರಾರು ಮನೆಗಳನ್ನು ಹೊಗುವ ಸಂಭವ ಆಗ ಇರಲಿಲ್ಲ.

ಇತ್ತೀಚಿನವರೆಗೂ ನಮ್ಮ ಸಂತೆ, ಜಾತ್ರೆಗಳು ಹೀಗೆಯೇ ನಡೆದುಬಂದವು. ರೈತನು ಎತ್ತಿನ ಹಲ್ಲು ನೋಡಿ, ನಾಲ್ಕು ಹೆಜ್ಜೆ ನಡೆಸಿ ನೋಡಿ ಕೊಳ್ಳುತ್ತಿದ್ದನು. ಕೊಪ್ಪಳದ ಬಳಿಯ ಕಿನ್ನಾಳದ ಬೊಂಬೆಗೆ ಬಣ್ಣ ಸರಿಯಾಗಿ ಕೂರದಿದ್ದರೆ ಅದು ಆ ಒಂದು ಬೊಂಬೆಯ ದೋಷ. ಮಾಡಿದ ಕೈ ಯಾವುದೆಂಬುದೂ ಗೊತ್ತು. ವಾಲ್ವಿನ ರೇಡಿಯೋಗಳ ಕಾಲದಲ್ಲಿಯೂ ಸ್ಥಿತಿ ಬಹಳ ಬದಲಾಗಿರಲಿಲ್ಲವೆನ್ನಬಹುದು. ಧಾರವಾಡದ ಆಕಾಶವಾಣಿ ಕೇಂದ್ರ 1950ರ ಜನವರಿ 8ರಂದು ಆರಂಭವಾಯಿತು. ಆ ವರ್ಷಗಳ ರೇಡಿಯೋ ಮೂಕವಾದರೆ ದುರಸ್ತಿ ಮಾಡುವವನು ಹಿಂದಿನ ಹಲಗೆ ಬಿಚ್ಚಿ, ಸುಟ್ಟ ವಾಲ್ವನ್ನು ಕಿತ್ತು ಬೇರೊಂದನ್ನು ಕೂರಿಸುತ್ತಿದ್ದನು. ಪೆಟ್ಟಿಗೆ ಮತ್ತೆ ಹಾಡುತ್ತಿತ್ತು. ಕೈಗೆ ಸಿಗುವ ದೋಷಕ್ಕೆ ಕಚೇರಿಯ ಮೆಟ್ಟಿಲು ಹತ್ತುವ ಅಗತ್ಯವೇನು?

ಇಂದಿನ ಯಂತ್ರ ಬೇರೆ ಜಾತಿಯದು. ಮೊಬೈಲಿನ ಹೊಟ್ಟೆಯನ್ನು ಬಿಚ್ಚುವುದು ಮನೆಯವರ ಕೆಲಸವಲ್ಲ. ಒಳಗಿನ ಆಜ್ಞಾವಳಿಯನ್ನು ದುರಸ್ತಿಯವನೂ ಓದಲಾರ. ತಪ್ಪು ನಡೆಯುವುದು ಅಂಗಡಿಯಲ್ಲಲ್ಲ, ನಕ್ಷೆ ಬರೆಯುವ ಮೇಜಿನ ಮೇಲೆ. 2007ರ ಆಗಸ್ಟ್ 14ರಂದು ನೋಕಿಯಾ ಕಂಪನಿ ಒಂದು ಎಚ್ಚರಿಕೆ ಪ್ರಕಟಿಸಿದ್ದು ಹಲವರಿಗೆ ನೆನಪಿರಬಹುದು. ಜಪಾನಿನ ಮಾತ್ಸುಶಿತಾ ಕಂಪನಿ 2005ರ ಡಿಸೆಂಬರಿನಿಂದ 2006ರ ನವೆಂಬರಿನವರೆಗೆ ತಯಾರಿಸಿದ ಬಿಎಲ್-5ಸಿ ಬ್ಯಾಟರಿಗಳಲ್ಲಿ ಕೆಲವು ಚಾರ್ಜು ಮಾಡುವಾಗ ಅತಿಯಾಗಿ ಕಾಯುತ್ತಿದ್ದವು. ಸಂಶಯಕ್ಕೆ ಒಳಗಾದ ಬ್ಯಾಟರಿಗಳ ಸಂಖ್ಯೆ 4 ಕೋಟಿ 60 ಲಕ್ಷ! ಕಂಪನಿಯೇ ಮುಂದೆ ಬಂದು ಬಿಟ್ಟಿಯಾಗಿ ಬದಲಿಸಿಕೊಡುವೆನೆಂದಿತು. ನಮ್ಮ ದೇಶದಲ್ಲಿಯೂ ಜನ ಸಾಲುಗಟ್ಟಿದರು. ತಯಾರಕನು ಹೀಗೆ ನಡೆದುಕೊಂಡರೆ ದಾವೆಯ ಮಾತೇ ಬೇಡ.

ಅವನು ಸುಮ್ಮನಿದ್ದರೆ? ಆಗ ಈ ಲೆಕ್ಕ ಹಾಕಿ. ಕೆಟ್ಟುಹೋದ ವಸ್ತುವಿನಿಂದ ನಿಮಗಾದ ನಷ್ಟ ಎಂಟುನೂರು ರೂಪಾಯಿ ಎನ್ನೋಣ. ವಕೀಲರ ಶುಲ್ಕ, ಬಸ್ಸಿನ ಖರ್ಚು, ಕೆಲಸ ಬಿಟ್ಟು ಕಾಯ್ದ ದಿನಗಳು ಇವೆಲ್ಲ ಸೇರಿದರೆ ನಷ್ಟಕ್ಕಿಂತ ಹೆಚ್ಚು. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆ ಸುಮ್ಮನೆ ಹುಟ್ಟಲಿಲ್ಲ. ಆದ್ದರಿಂದ ಬುದ್ಧಿವಂತನು ಬಾಯಿ ಮುಚ್ಚಿಕೊಳ್ಳುತ್ತಾನೆ. ಲಕ್ಷ ಬುದ್ಧಿವಂತರು ಹೀಗೆ ಬಾಯಿ ಮುಚ್ಚಿಕೊಂಡರೆ ತಯಾರಕನ ಪೆಟ್ಟಿಗೆಯಲ್ಲಿ ಎಂಟು ಕೋಟಿ ರೂಪಾಯಿ ಉಳಿಯುತ್ತದೆ. ಅನ್ಯಾಯವು ಸಣ್ಣ ಸಣ್ಣ ಚೂರುಗಳಾಗಿ ಹಂಚಿಹೋದ ಮಾತ್ರಕ್ಕೆ ನ್ಯಾಯವಾಗಿ ಬಿಡುವುದೆ? ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎನ್ನುವರಲ್ಲವೆ! ಆ ಕಡ್ಡಿಗಳನ್ನು ಮತ್ತೆ ಹೊರೆ ಕಟ್ಟುವ ಹಗ್ಗವೇ ಸಾಮೂಹಿಕ ದಾವೆ.

ಈ ಹಗ್ಗವನ್ನು ಹೊಸೆದ ಕಥೆ ದೀರ್ಘವಾದುದು. ಸಮಾನ ಹಿತವುಳ್ಳ ಅನೇಕರ ಪರವಾಗಿ ಒಬ್ಬರು ದಾವೆ ನಡೆಸಬಹುದೆಂಬ ನಿಯಮ ಬ್ರಿಟಿಷ್ ಇಂಡಿಯಾದ 1877ರ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿಯೇ ಇತ್ತು. 1908ರ ಸಂಹಿತೆ ಅದನ್ನು ಉಳಿಸಿಕೊಂಡಿತು. ನಮ್ಮ ತಾಲೂಕುಗಳು ಆಗ ನಿಜಾಮರ ಸಂಸ್ಥಾನಕ್ಕೆ ಸೇರಿದ್ದು, ಕೊಪ್ಪಳವು ಸಾಲಾರ್ ಜಂಗ್ ಮನೆತನದ ಜಹಗೀರಾಗಿತ್ತು. ಭಾರತದ ಸಿವಿಲ್ ಸಂಹಿತೆಯೂ 1930ರ ಸರಕು ಮಾರಾಟ ಕಾಯ್ದೆಯೂ ಇತ್ತ ಬಂದದ್ದು 1951ರಲ್ಲಿ. ಇಷ್ಟರೊಳಗೆ ಇಂಗ್ಲೆಂಡಿನಲ್ಲಿ ದೊಡ್ಡದೊಂದು ತಿರುವು ಕಂಡಿತ್ತು. ಸ್ಕಾಟ್ಲೆಂಡಿನ ಪೇಯ್ಸ್ಲಿ ಎಂಬ ಊರಿನಲ್ಲಿ 1928ರಲ್ಲಿ ಮೇ ಡೊನೊಹ್ಯು ಎಂಬ ಹೆಂಗಸಿಗೆ ಗೆಳತಿಯೊಬ್ಬಳು ಶುಂಠಿಯ ಪಾನೀಯ ಕೊಡಿಸಿದಳು. ಸೀಸೆಯಲ್ಲಿ ಕೊಳೆತ ಬಸವನಹುಳು ಇತ್ತೆಂಬುದು ಆಕೆಯ ತಕರಾರು. ಹಣ ಕೊಟ್ಟವಳು ಆಕೆಯಲ್ಲ. ಅಂಗಡಿಯವನಿಗೆ ಒಳಗಿನದು ಕಾಣುತ್ತಿರಲಿಲ್ಲ. ಆದರೂ ಬಳಸುವವರ ವಿಷಯದಲ್ಲಿ ಎಚ್ಚರ ವಹಿಸುವ ಹೊಣೆ ತಯಾರಕನದೆಂದು 1932ರಲ್ಲಿ ಅಲ್ಲಿಯ ಪ್ರಭುಗಳ ಸಭೆ ತೀರ್ಪಿತ್ತಿತು.

ನಮ್ಮಲ್ಲಿ 1986ರಲ್ಲಿ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದಿತು. ಒಂದೇ ಹಿತವುಳ್ಳ ಅನೇಕ ಗ್ರಾಹಕರ ಪರವಾಗಿ ಒಬ್ಬರು ಫಿರ್ಯಾದು ಕೊಡುವ ದಾರಿಯನ್ನು 1993ರ ತಿದ್ದುಪಡಿ ತೆರೆಯಿತು. ನಷ್ಟ ಹೊಂದಿದವರು ಬಹುಸಂಖ್ಯೆಯಲ್ಲಿದ್ದು, ಅವರನ್ನು ಗುರುತಿಸುವುದು ಸುಲಭವಲ್ಲದಿದ್ದರೆ, ಮಾರಿದ ದೋಷಯುಕ್ತ ಸರಕಿನ ಮೌಲ್ಯದಲ್ಲಿ ನೂರಕ್ಕೆ 5ಕ್ಕೆ ಕಡಿಮೆಯಾಗದ ಹಣ ವಸೂಲು ಮಾಡಬಹುದೆಂದು 2002ರ ತಿದ್ದುಪಡಿ ಹೇಳಿತು. 2020ರ ಜುಲೈ 20ರಂದು ಜಾರಿಗೆ ಬಂದ 2019ರ ಕಾಯ್ದೆ ಆ ಕನಿಷ್ಠವನ್ನು ನೂರಕ್ಕೆ 25ಕ್ಕೆ ಏರಿಸಿತು. ತಯಾರಕನ ಹೊಣೆಯನ್ನು ಕುರಿತು ಪ್ರತ್ಯೇಕ ಅಧ್ಯಾಯವನ್ನೇ ಸೇರಿಸಿತು.

ಇಷ್ಟರಿಂದ ಎಲ್ಲ ಸಾಮೂಹಿಕ ದಾವೆಯೂ ನ್ಯಾಯವೆಂದು ತೀರ್ಮಾನಿಸಬೇಡಿ. ಎದುರು ಪಕ್ಷದ ಮಾತಿನಲ್ಲಿಯೂ ಹುರುಳಿದೆ. ಮೂರು ದೃಷ್ಟಾಂತಗಳನ್ನು ನೋಡೋಣ.

ಮೊದಲನೆಯದು ಮ್ಯಾಗಿ ಶಾವಿಗೆಯ ಮೊಕದ್ದಮೆ. 2015ರಲ್ಲಿ ಕೇಂದ್ರ ಸರಕಾರವೇ ಗ್ರಾಹಕರೆಲ್ಲರ ಪರವಾಗಿ ನೆಸ್ಲೆ ಕಂಪನಿಯ ಮೇಲೆ ಸುಮಾರು 640 ಕೋಟಿ ರೂಪಾಯಿಗಳ ಫಿರ್ಯಾದನ್ನು ರಾಷ್ಟ್ರೀಯ ಆಯೋಗದಲ್ಲಿ ಹೂಡಿತು. ಸೀಸ ಹೆಚ್ಚಾಗಿದೆ, ಹೊದಿಕೆಯ ಮೇಲಿನ ಮಾತು ದಾರಿ ತಪ್ಪಿಸುವಂಥದು ಎಂಬುದು ಆರೋಪ. ಮಾದರಿಗಳು ನಮ್ಮ ಮೈಸೂರಿನ ಸಿ.ಎಫ್.ಟಿ.ಆರ್.ಐ. ಪ್ರಯೋಗಾಲಯಕ್ಕೆ ಬಂದವು, ಸೀಸದ ಪ್ರಮಾಣ ಮಿತಿಯೊಳಗೇ ಇರುವುದು ಕಂಡಿತು. 2024ರ ಏಪ್ರಿಲಿನಲ್ಲಿ ಆಯೋಗ ಫಿರ್ಯಾದನ್ನು ವಜಾ ಮಾಡಿತು. ಕೋಟಿ ಜನರ ಹೆಸರು ಹೇಳಿದರೂ ದೋಷ ಸಿದ್ಧವಾಗಲೇಬೇಕು. ಸಂಖ್ಯೆಯು ಸಾಕ್ಷ್ಯದ ಜಾಗದಲ್ಲಿ ಕುಳಿತುಕೊಳ್ಳಲಾರದು.

ಎರಡನೆಯದು ಬೆಂಗಳೂರಿನದು. ವೈಟ್‌ಫೀಲ್ಡಿನಲ್ಲಿ ಬ್ರಿಗೇಡ್ ಸಂಸ್ಥೆ ಕಟ್ಟಿದ 1,134 ಮನೆಗಳ ಸಮುಚ್ಚಯದಲ್ಲಿ 51 ಮನೆಗಳನ್ನು ಕೊಂಡ 91 ಜನರು, ಎಲ್ಲ ಮನೆಗಳವರ ಪರವಾಗಿ ಫಿರ್ಯಾದು ಕೊಟ್ಟರು. ಎಲ್ಲರ ಹಿತವೂ ಒಂದೇ ಎಂಬುದನ್ನು ಫಿರ್ಯಾದು ತೋರಿಸಿಲ್ಲ, ಆದ್ದರಿಂದ ಇದು ಆ 91 ಜನರ ಜಂಟಿ ಫಿರ್ಯಾದು ಮಾತ್ರ ಎಂದು ಸುಪ್ರೀಂ ಕೋರ್ಟು 2021ರ ಡಿಸೆಂಬರ್ 17ರಂದು ಹೇಳಿತು. ಸುಮ್ಮನಿರುವ ನೆರೆಯವನ ಪರವಾಗಿ ಮಾತಾಡುವವನು, ಅವನ ನೋವೂ ತನ್ನ ನೋವೂ ಒಂದೇ ಎಂಬುದನ್ನು ಮೊದಲು ತೋರಿಸಬೇಕು.

ಮೂರನೆಯದು ಅಮೆರಿಕದ್ದು. ಬ್ಯಾಟರಿ ಹಳೆಯದಾದ ಐಫೋನುಗಳ ವೇಗವನ್ನು ತಗ್ಗಿಸುತ್ತಿದ್ದುದಾಗಿ ಆಪಲ್ ಕಂಪನಿ 2017ರ ಡಿಸೆಂಬರಿನಲ್ಲಿ ಒಪ್ಪಿಕೊಂಡಿತು. ಸಾಮೂಹಿಕ ದಾವೆ ನಡೆದು, ತಪ್ಪನ್ನು ಒಪ್ಪದೆಯೇ 50 ಕೋಟಿ ಡಾಲರುಗಳವರೆಗೆ ಕೊಡಲು ಕಂಪನಿ 2020ರಲ್ಲಿ ರಾಜಿಯಾಯಿತು. ಅರ್ಜಿ ಹಾಕಿದವರ ಕೈಗೆ ತಲಾ ಸುಮಾರು 92 ಡಾಲರು ಸೇರಿದ್ದು 2024ರ ಜನವರಿಯಲ್ಲಿ. ಆರು ವರ್ಷಕ್ಕೆ ಇಷ್ಟೇ ಫಲವೆ ಎಂದು ನೀವು ಕೇಳಬಹುದು. ಒಬ್ಬೊಬ್ಬರೇ ಹೋಗಿದ್ದರೆ ಅಷ್ಟೂ ಸಿಗುತ್ತಿರಲಿಲ್ಲವೆಂಬುದು ನನ್ನ ಉತ್ತರ. ಆದರೆ ಅರ್ಜಿ ಹಾಕದವರಿಗೆ ಏನೂ ದೊರೆಯಲಿಲ್ಲವೆಂಬುದನ್ನೂ ಮರೆಯಬಾರದು.

ಈ ಮೂರರಿಂದ ಮೂರು ಒರೆಗಲ್ಲುಗಳು ದೊರೆಯುತ್ತವೆ. ದೋಷವು ಸಿದ್ಧವಾಗುವಂಥದಾಗಿರಬೇಕು, ಅದು ಎಲ್ಲರಿಗೂ ಒಂದೇ ಆಗಿರಬೇಕು, ಫಲವು ಕೊಂಡವರ ಮನೆಗೆ ಮುಟ್ಟಬೇಕು. ಈ ಮೂರೂ ಕೂಡಿದಲ್ಲಿ ಸಾಮೂಹಿಕ ದಾವೆಯು ನ್ಯಾಯ; ಒಂದು ತಪ್ಪಿದರೂ ಅದರ ಬಲ ಕುಗ್ಗುತ್ತದೆ.

ಸಿದ್ಧಪಡಿಸುವ ಭಾರವೆಲ್ಲ ಕೊಂಡವನ ಮೇಲೆಯೇ ಬೀಳಬೇಕೆ ಎಂಬ ಶಂಕೆ ಏಳುವುದು ಸಹಜ. ಇದಕ್ಕೆ ಬೀಜದ ಪ್ರಕರಣವೊಂದು ಸಮಾಧಾನ ಹೇಳುತ್ತದೆ. ಮಳೆಯನ್ನೇ ನಂಬಿದ ಯಲಬುರ್ಗಾ, ಕುಷ್ಟಗಿಗಳ ಎರೆ ಮಸಾರಿ ಹೊಲಗಳವರಿಗೆ ಬೀಜ ಹುಸಿಹೋದರೆ ವರ್ಷವೇ ಹುಸಿಹೋದಂತೆ. ಆಂಧ್ರದ ರೈತರು ರಾಷ್ಟ್ರೀಯ ಬೀಜ ನಿಗಮದ ವಿರುದ್ಧ ನಡೆಸಿದ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟು 2012ರ ಜನವರಿಯಲ್ಲಿ, ಬೀಜ ಕೊಂಡ ರೈತನೂ ಗ್ರಾಹಕನೇ ಎಂದಿತು. ಕೊಂಡದ್ದನ್ನೆಲ್ಲ ಬಿತ್ತಿಬಿಡುವ ರೈತನು ಪ್ರಯೋಗಾಲಯಕ್ಕೆಂದು ಒಂದು ಪಾಲು ತೆಗೆದಿಡಬೇಕೆಂದು ನಿರೀಕ್ಷಿಸಲಾಗದು ಎಂದೂ ಹೇಳಿತು. ಬೀಜಕ್ಕೆ ಹತ್ತು ದಿನ ಕೊಟ್ಟ ಪ್ರಾಚೀನರ ಮನೋಧರ್ಮವೇ ಇಲ್ಲಿ ವಿಶಾಲವಾಗಿ ತೋರುತ್ತದೆ. ಬೀಜವನ್ನು ಕುರಿತು ಆಡಿದ ಈ ಮಾತಿನ ನ್ಯಾಯ, ಒಳಗು ಕಾಣದ ಮೊಬೈಲಿಗೂ ಟೆಲಿವಿಷನ್ನಿಗೂ ಏಕೆ ಸಲ್ಲಬಾರದು?

ಈಗ ನಿಮ್ಮ ಮನೆಯ ಮಾತು. ಕೊಪ್ಪಳವು ರಾಯಚೂರಿನಿಂದ ಬೇರೆಯಾಗಿ 1997ರಲ್ಲಿ ಜಿಲ್ಲೆಯಾಯಿತು. ಜಿಲ್ಲಾ ಗ್ರಾಹಕ ಆಯೋಗ ಈಗ ಇಲ್ಲಿಯೇ ಇದೆ. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಫಿರ್ಯಾದಿಗೆ ಶುಲ್ಕವಿಲ್ಲ. ವ್ಯಾಜ್ಯಕ್ಕೆ ಕಾರಣ ಹುಟ್ಟಿದ ಎರಡು ವರ್ಷದೊಳಗೆ ಹೋಗಬೇಕು. ಅನೇಕರ ಪರವಾಗಿ ಹೋಗುವುದಾದರೆ ಆಯೋಗದ ಅನುಮತಿ ಬೇಕು; ಉಳಿದವರಿಗೆ ತಿಳಿಯುವಂತೆ ನೋಟೀಸು ಇಲ್ಲವೆ ಪ್ರಕಟಣೆಯೂ ಆಗಬೇಕು. ಇದಕ್ಕೆಲ್ಲ ಬುನಾದಿ ಎರಡು ಸಣ್ಣ ರೂಢಿಗಳು. ಕೊಂಡ ವಸ್ತುವಿನ ಪಾವತಿಯನ್ನು ಜೋಪಾನವಾಗಿಡುವುದು ಒಂದು. ವಸ್ತು ಕೆಟ್ಟಾಗ, ಅದೇ ಮಾದರಿಯನ್ನು ಕೊಂಡ ಓಣಿಯವರನ್ನು ವಿಚಾರಿಸುವುದು ಇನ್ನೊಂದು. ನಿಮ್ಮದೊಂದೇ ಕೆಟ್ಟಿದ್ದರೆ ಅದು ದುರಸ್ತಿಯವನ ಕೆಲಸ. ಹತ್ತು ಮನೆಗಳಲ್ಲಿಯೂ ಒಂದೇ ರೀತಿ ಕೆಟ್ಟಿದ್ದರೆ, ಆ ಹತ್ತು ಪಾವತಿಗಳನ್ನು ಒಂದೇ ಲಕೋಟೆಯಲ್ಲಿ ಹಾಕಿ ಮೊದಲು ಕಂಪನಿಗೆ ಬರೆಯಿರಿ. ಉತ್ತರ ಬಾರದಿದ್ದರೆ ಅದೇ ಲಕೋಟೆಯನ್ನು ಆಯೋಗಕ್ಕೆ ಒಯ್ಯಿರಿ.