ತೂಕದ ಮದ್ದಿಗೆ ಹೃದಯದ ಲೆಕ್ಕ

1968ರ ಜನವರಿಯಲ್ಲಿ ಅಮೆರಿಕದ ‘ಲೈಫ್’ ವಾರಪತ್ರಿಕೆ ತೂಕ ಇಳಿಸುವ ಗುಳಿಗೆಗಳ ಬಗ್ಗೆ ಒಂದು ಮುಖಪುಟ ವರದಿ ಪ್ರಕಟಿಸಿತು. ವರದಿಗಾರ್ತಿ ಸುಸಾನಾ ಮ್ಯಾಕ್‌ಬೀ ತೆಳ್ಳನೆಯ ಹೆಂಗಸು. ಇಳಿಸಲು ಆಕೆಯ ಮೈಯಲ್ಲಿ ತೂಕವೇ ಇರಲಿಲ್ಲ. ಆದರೂ ತೂಕ ಇಳಿಸುವ ಹತ್ತು ಡಾಕ್ಟರುಗಳನ್ನು ಕಂಡು ಬರುವ ಹೊತ್ತಿಗೆ ಆಕೆಯ ಕೈಯಲ್ಲಿ ಸುಮಾರು ಒಂದೂವರೆ ಸಾವಿರ ಮಾತ್ರೆಗಳಿದ್ದವು. ಗುಲಾಬಿ, ಹಳದಿ, ನೀಲಿ, ಹಸಿರು. ‘ಕಾಮನಬಿಲ್ಲಿನ ಗುಳಿಗೆ’ ಎಂದೇ ಜನ ಕರೆಯುತ್ತಿದ್ದ ಈ ಮಾತ್ರೆಗಳ ಬಣ್ಣದ ಹಿಂದೆ ವ್ಯಾಪಾರದ ಜಾಣತನವಿತ್ತು: ಬಂದವರಿಗೆಲ್ಲ ಬೇರೆಬೇರೆ ಬಣ್ಣ ಸೇರಿಸಿ ಕೊಟ್ಟರೆ, ಇದು ತನಗೆಂದೇ ಹದಗೊಳಿಸಿದ ಔಷಧ ಎಂದು ಪ್ರತಿಯೊಬ್ಬರೂ ನಂಬುತ್ತಿದ್ದರು.

ಬಣ್ಣ ಕಳಚಿದರೆ ಒಳಗಿದ್ದದ್ದು ಆಂಫೆಟಮಿನ್, ಥೈರಾಯ್ಡ್ ಪುಡಿ, ಮೂತ್ರ ಹೆಚ್ಚಿಸುವ ಔಷಧ, ಭೇದಿ ಮದ್ದು, ಜೊತೆಗೆ ಡಿಜಿಟಾಲಿಸ್. ಕೊನೆಯದು ದುರ್ಬಲ ಹೃದಯಕ್ಕೆ ವೈದ್ಯರು ಅಳೆದು ತೂಗಿ ಕೊಡುವ ಮದ್ದು. ಆರೋಗ್ಯವಂತರಿಗೆ ಅದನ್ನೇಕೆ ಕೊಟ್ಟರು? ಅದು ಹೊಟ್ಟೆ ತೊಳಸುವಂತೆ ಮಾಡಿ ಹಸಿವು ಕೊಲ್ಲುತ್ತದೆ, ಆಂಫೆಟಮಿನ್ ಏರಿಸಿದ ನಾಡಿಯನ್ನೂ ತಗ್ಗಿಸುತ್ತದೆ ಎಂಬ ಲೆಕ್ಕಾಚಾರ. ಆದರೆ ಮೂತ್ರದ ಮಾತ್ರೆ ಮತ್ತು ಭೇದಿ ಮದ್ದು ಮೈಯಿಂದ ಪೊಟ್ಯಾಷಿಯಂ ಹೊರಹಾಕುತ್ತವೆ. ಪೊಟ್ಯಾಷಿಯಂ ಕುಸಿದ ಮೈಯಲ್ಲಿ ಡಿಜಿಟಾಲಿಸ್ ವಿಷವಾಗುತ್ತದೆ, ಹೃದಯದ ಬಡಿತ ತಾಳ ತಪ್ಪುತ್ತದೆ. ಯೌವನದ ಹೆಂಗಸರು ಇದ್ದಕ್ಕಿದ್ದಂತೆ ಸತ್ತ ಪ್ರಕರಣಗಳು ಬೆಳಕಿಗೆ ಬಂದವು, ಸೆನೆಟ್‌ನಲ್ಲಿ ವಿಚಾರಣೆ ನಡೆಯಿತು, ಸರ್ಕಾರ ಗುಳಿಗೆಗಳನ್ನು ಮುಟ್ಟುಗೋಲು ಹಾಕಿಕೊಂಡಿತು. ಸತ್ತವರಲ್ಲಿ ಹಲವರ ತೂಕವೇನೋ ಇಳಿದಿತ್ತು.

ತೂಕ ಇಳಿಸುವ ಔಷಧಗಳ ನೂರಕ್ಕೂ ಹೆಚ್ಚು ವರ್ಷಗಳ ಚರಿತ್ರೆಯನ್ನು ತಿರುವಿದರೆ ಇದೇ ಕ್ರಮ ಮತ್ತೆ ಮತ್ತೆ ಎದುರಾಗುತ್ತದೆ. ಮೊದಲು ತಕ್ಕಡಿ ನೋಡಿದರು. ಹೃದಯವನ್ನು ನೋಡಿದ್ದು ಹೆಣ ಬಿದ್ದ ಮೇಲೆ.

ಶುರುವಾದದ್ದು ಥೈರಾಯ್ಡಿನಿಂದ. 1891ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ವೈದ್ಯ ಜಾರ್ಜ್ ಮರ್ರೆ, ಥೈರಾಯ್ಡ್ ಗ್ರಂಥಿ ಸೊರಗಿ ಮೈ ಊದಿದ್ದ ಒಬ್ಬಾಕೆಗೆ ಕುರಿಯ ಥೈರಾಯ್ಡಿನ ಸಾರವನ್ನು ಸೂಜಿಯ ಮೂಲಕ ಕೊಟ್ಟು ಗುಣಪಡಿಸಿದರು. ಅದು ನಿಜವಾದ ರೋಗಕ್ಕೆ ನಿಜವಾದ ಮದ್ದು. ಊತ ಇಳಿದು ಆಕೆ ತೆಳ್ಳಗಾದದ್ದನ್ನು ಉಳಿದವರು ಗಮನಿಸಿದರು. ಕೆಲವೇ ವರ್ಷಗಳಲ್ಲಿ ಗ್ರಂಥಿ ನೆಟ್ಟಗಿದ್ದವರೂ ಬರೀ ತೆಳ್ಳಗಾಗಲು ಥೈರಾಯ್ಡ್ ನುಂಗತೊಡಗಿದರು. ಅಮೆರಿಕದಲ್ಲಿ ‘ಮಾರ್ಮೋಲಾ’ ಎಂಬ ಹೆಸರಿನಲ್ಲಿ ಅದು ಅಂಚೆಯಲ್ಲೂ ಅಂಗಡಿಯಲ್ಲೂ ಸಿಗುತ್ತಿತ್ತು. ಎದೆ ಡವಗುಟ್ಟುವುದು, ಕೈ ನಡುಗುವುದು, ನಿದ್ದೆ ಬಾರದಿರುವುದು ಅದರ ಜೊತೆಗೇ ಬರುತ್ತಿದ್ದ ಪರಿವಾರ. ಜಾಹೀರಾತು ಮೋಸದ್ದೆಂದು ಸರ್ಕಾರ ಹೂಡಿದ ಮೊಕದ್ದಮೆ 1931ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಯಿತು. ಗ್ರಾಹಕರಿಗೆ ಮೋಸವಾದರೆ ಸಾಲದು, ಎದುರಾಳಿ ವ್ಯಾಪಾರಿಗಳಿಗೂ ನಷ್ಟವಾದದ್ದು ರುಜುವಾಗಬೇಕು ಎಂದಿತು ನ್ಯಾಯಾಲಯ! ಆ ಕಾನೂನು ತಿದ್ದುಪಡಿಯಾದದ್ದು 1938ರಲ್ಲಿ.

ಆ ನಡುವೆ ಬಂದುಹೋದ ಡೈನೈಟ್ರೋಫಿನಾಲ್ ಮದ್ದುಗುಂಡಿನ ಕಾರ್ಖಾನೆಯಿಂದ ಬಂದ ರಾಸಾಯನಿಕ. ಅದು ಹೃದಯಕ್ಕಿಂತ ಮೊದಲು ಮೈಯನ್ನೇ ಬೇಯಿಸಿ ಕೊಲ್ಲುತ್ತಿತ್ತು, ಕೆಲವರ ಕಣ್ಣಿಗೆ ಪೊರೆ ತಂದಿತು. ಅದನ್ನು ಇಲ್ಲಿಗೇ ಬಿಡೋಣ.

ಯುರೋಪಿನಲ್ಲಿ 1965ರಲ್ಲಿ ಬಂದ ಅಮಿನೊರೆಕ್ಸ್ ಕಥೆ ಹೆಚ್ಚು ಮುಖ್ಯ. ಸ್ವಿಟ್ಜರ್ಲೆಂಡ್, ಜರ್ಮನಿ, ಆಸ್ಟ್ರಿಯಾಗಳಲ್ಲಿ ‘ಮೆನೋಸಿಲ್’ ಎಂದು ಮಾರಾಟವಾದ ಈ ಹಸಿವು ತಡೆಯುವ ಮಾತ್ರೆ ಬಂದ ಸ್ವಲ್ಪ ಸಮಯದಲ್ಲೇ, ವೈದ್ಯರು ವರ್ಷಕ್ಕೊಂದು ನೋಡಿದರೂ ಹೆಚ್ಚೆನ್ನುವ ಕಾಯಿಲೆಯ ರೋಗಿಗಳು ಸ್ವಿಸ್ ಆಸ್ಪತ್ರೆಗಳಿಗೆ ಸಾಲಾಗಿ ಬರತೊಡಗಿದರು. ಶ್ವಾಸಕೋಶದ ರಕ್ತನಾಳಗಳು ಬಿಗಿದು, ಅಲ್ಲಿಗೆ ರಕ್ತ ನೂಕುವ ಹೃದಯದ ಬಲಭಾಗ ದಣಿದು ಸೋಲುವ ಕಾಯಿಲೆ ಅದು. ಬರ್ನ್‌ನ ವೈದ್ಯರು ನಂಟು ಹುಡುಕಿದರು, 1968ರಲ್ಲಿ ಮಾತ್ರೆ ಮಾರುಕಟ್ಟೆಯಿಂದ ಹೋಯಿತು. ಹಸಿವಿನ ಮದ್ದು ಶ್ವಾಸಕೋಶದ ದಾರಿಯಲ್ಲಿ ಬಂದು ಹೃದಯವನ್ನು ಹೊಡೆಯಬಲ್ಲದು ಎಂಬುದು ಅಂದೇ ಗೊತ್ತಾಗಿತ್ತು.

ಗೊತ್ತಾದದ್ದು ನೆನಪಿನಲ್ಲಿ ಉಳಿಯಲಿಲ್ಲ. 1992ರಲ್ಲಿ ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದ ಮೈಕೆಲ್ ವೈಂಟ್ರಾಬ್ 121 ಮಂದಿಯ ಮೇಲೆ ನಡೆಸಿದ ಅಧ್ಯಯನ ಪ್ರಕಟಿಸಿದರು. ಫೆನ್‌ಫ್ಲುರಮಿನ್ ಮತ್ತು ಫೆಂಟರ್ಮಿನ್ ಎಂಬ ಎರಡು ಹಳೆಯ ಮಾತ್ರೆಗಳನ್ನು ಕೂಡಿಸಿ ಕೊಟ್ಟರೆ ತೂಕ ಚೆನ್ನಾಗಿ ಇಳಿಯುತ್ತದೆ ಎಂದು ಅದು ತೋರಿಸಿತು. ಎರಡಕ್ಕೂ ಬಿಡಿಬಿಡಿಯಾಗಿ ಸರ್ಕಾರದ ಅನುಮತಿ ಇತ್ತು. ಜೋಡಿಗೆ ಎಂದೂ ಇರಲಿಲ್ಲ. ಆದರೆ ಪೇಟೆಗೆ ಅದು ಅಡ್ಡಿಯಾಗಲಿಲ್ಲ. ‘ಫೆನ್-ಫೆನ್’ ಕ್ಲಿನಿಕ್ಕುಗಳು ಬೀದಿಬೀದಿಯಲ್ಲಿ ತೆರೆದವು. 1996ರಲ್ಲಿ ಬರೆದ ಚೀಟಿಗಳ ಸಂಖ್ಯೆ ಒಂದು ಕೋಟಿ 80 ಲಕ್ಷ ದಾಟಿತು. ಅದೇ ವರ್ಷ ಏಪ್ರಿಲ್‌ನಲ್ಲಿ ಫೆನ್‌ಫ್ಲುರಮಿನ್‌ನ ತಮ್ಮನಂಥ ‘ರಿಡಕ್ಸ್’ಗೂ ಅನುಮತಿ ದೊರೆಯಿತು. ಆಗಸ್ಟ್‌ನಲ್ಲಿ ಯುರೋಪಿನ ಒಂದು ಅಧ್ಯಯನ, ಇಂಥ ಮಾತ್ರೆಗಳನ್ನು ಮೂರು ತಿಂಗಳಿಗಿಂತ ಹೆಚ್ಚು ನುಂಗಿದವರಲ್ಲಿ ಆ ಶ್ವಾಸಕೋಶದ ಕಾಯಿಲೆಯ ಸಾಧ್ಯತೆ 20 ಪಟ್ಟಿಗೂ ಮೀರಿ ಏರುತ್ತದೆ ಎಂದು ಸಾರಿತು. ಮಾರಾಟ ನಿಲ್ಲಲಿಲ್ಲ.

ನಿಲ್ಲಿಸಿದ್ದು ಉತ್ತರ ಡಕೋಟದ ಫಾರ್ಗೋ ಪಟ್ಟಣದ ಎಕೋ ಕೊಠಡಿ. ಹೃದಯದ ಸ್ಕ್ಯಾನ್ ಮಾಡುತ್ತಿದ್ದ ಅಲ್ಲಿನ ಒಬ್ಬ ತಂತ್ರಜ್ಞೆಗೆ, ವಯಸ್ಸಾಗದ ಹೆಂಗಸರ ಕವಾಟಗಳು ಸೋರುತ್ತಿರುವುದು ವಿಚಿತ್ರವಾಗಿ ಕಂಡಿತು. ಅವರೆಲ್ಲರಿಗೂ ಸಮಾನವಾದದ್ದು ಫೆನ್-ಫೆನ್. ಫಾರ್ಗೋ ಮತ್ತು ಮೇಯೋ ಕ್ಲಿನಿಕ್‌ನ ವೈದ್ಯರು ಸೇರಿ 24 ಮಹಿಳೆಯರ ವಿವರವನ್ನು 1997ರ ಜುಲೈಯಲ್ಲಿ ಬಯಲು ಮಾಡಿದರು. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಕವಾಟಗಳ ಮೇಲೆ ಬಿಳಿಯ ಹೊಳಪಿನ ಪದರ ಕಟ್ಟಿತ್ತು. ಫೆನ್‌ಫ್ಲುರಮಿನ್ ದೇಹದಲ್ಲಿ ಒಡೆದು ಆಗುವ ವಸ್ತು ಕವಾಟದ ಮೇಲಿನ ಸಿರೊಟೋನಿನ್ ಗ್ರಾಹಕವನ್ನು ಕೆರಳಿಸಿ, ಅಂಗಾಂಶ ಬೇಡದಲ್ಲಿ ಬೆಳೆಯುವಂತೆ ಮಾಡುತ್ತದೆ ಎಂದು ಆಮೇಲೆ ತಿಳಿಯಿತು. ಸೆಪ್ಟೆಂಬರ್ 15ರಂದು ಫೆನ್‌ಫ್ಲುರಮಿನ್ ಮತ್ತು ರಿಡಕ್ಸ್ ಹಿಂದಕ್ಕೆ ಹೋದವು. ಅವನ್ನು ಮಾರುತ್ತಿದ್ದ ಕಂಪನಿ 1999ರಲ್ಲಿ ಮಾಡಿಕೊಂಡ ಮೊದಲ ದೊಡ್ಡ ರಾಜಿ ಒಪ್ಪಂದವೇ 375 ಕೋಟಿ ಡಾಲರಿನದು. ಅದೇ ಫೆನ್‌ಫ್ಲುರಮಿನ್ 2020ರಲ್ಲಿ ಮಕ್ಕಳ ಅಪರೂಪದ ಮೂರ್ಛೆರೋಗಕ್ಕೆ ಅಮೆರಿಕದಲ್ಲಿ ಮರಳಿ ಬಂತು. ಈ ಸಲ ಆರಂಭಕ್ಕೆ ಮೊದಲು ಎಕೋ, ಮತ್ತೆ ಆರು ತಿಂಗಳಿಗೊಮ್ಮೆ ಎಕೋ ಎಂಬ ಷರತ್ತು ಅಂಟಿಕೊಂಡೇ ಬಂತು.

ಫ್ರಾನ್ಸಿನಲ್ಲಿ ಕಥೆ ಇನ್ನೂ ಎಳೆಯಿತು. ಅಲ್ಲಿ ಸರ್ವಿಯೇ ಕಂಪನಿಯ ‘ಮೀಡಿಯೇಟರ್’ 1976ರಿಂದ ಮಧುಮೇಹದ ಮದ್ದು ಎಂಬ ಹೆಸರಿನಲ್ಲಿ ಮಾರಾಟದಲ್ಲಿತ್ತು. ನಿಜದಲ್ಲಿ ಬಹಳ ಜನ ನುಂಗಿದ್ದು ತೆಳ್ಳಗಾಗಲು. ದೇಹದಲ್ಲಿ ಒಡೆದಾಗ ಅದೂ ಫೆನ್‌ಫ್ಲುರಮಿನ್ ಬಿಡುವ ವಸ್ತುವನ್ನೇ ಬಿಡುತ್ತಿತ್ತು. ಅಮೆರಿಕದಲ್ಲಿ ಬಾಗಿಲು ಮುಚ್ಚಿ ಹನ್ನೆರಡು ವರ್ಷವಾಗುವವರೆಗೂ ಅಲ್ಲಿ ಅದರ ಮಾರಾಟ ನಿಲ್ಲಲಿಲ್ಲ. ಬ್ರೆಸ್ಟ್ ಪಟ್ಟಣದ ಶ್ವಾಸಕೋಶ ತಜ್ಞೆ ಐರೀನ್ ಫ್ರಾಶೋಂ ರೋಗಿಗಳ ಕಡತಗಳನ್ನು ಒಂದೊಂದಾಗಿ ತೆಗೆದು, ಕವಾಟ ಕೆಟ್ಟವರಲ್ಲಿ ಈ ಮಾತ್ರೆ ನುಂಗಿದವರೆಷ್ಟು ಎಂದು ಎಣಿಸಿದರು. 2009ರ ನವೆಂಬರ್‌ನಲ್ಲಿ ಮಾರಾಟ ನಿಂತಿತು. ಮರುವರ್ಷ ಆಕೆ ಬರೆದ ಪುಸ್ತಕದ ಉಪಶೀರ್ಷಿಕೆಯಲ್ಲಿದ್ದದ್ದು ಸತ್ತವರೆಷ್ಟು ಎಂಬ ಪ್ರಶ್ನೆ. ಆ ಉಪಶೀರ್ಷಿಕೆಯನ್ನು ತೆಗೆಸಲು ಕಂಪನಿ ಕೋರ್ಟಿಗೆ ಹೋದದ್ದು ಪುಸ್ತಕಕ್ಕೆ ಒಳ್ಳೆಯ ಪ್ರಚಾರವೇ ಆಯಿತು. 2021ರ ಮಾರ್ಚ್‌ನಲ್ಲಿ ಪ್ಯಾರಿಸ್ ನ್ಯಾಯಾಲಯ ವಂಚನೆ ಮತ್ತು ಉದ್ದೇಶವಿಲ್ಲದ ಕೊಲೆಯ ಆರೋಪಗಳಲ್ಲಿ ಸರ್ವಿಯೇ ಕಂಪನಿಯನ್ನು ಅಪರಾಧಿ ಎಂದಿತು.

ಸಿಬುಟ್ರಮಿನ್ ಮಾತ್ರ ಭಾರತದವರಿಗೂ ಹತ್ತಿರದ ಹೆಸರು. ಅದು ಬಿಪಿ ಮತ್ತು ನಾಡಿ ಎರಡನ್ನೂ ಏರಿಸುತ್ತದೆಂದು ಗೊತ್ತಿದ್ದೇ 1997ರಲ್ಲಿ ಅಮೆರಿಕದ ಅನುಮತಿ ಪಡೆದಿತ್ತು. ಹೃದಯದ ಪ್ರಶ್ನೆಯನ್ನು ನೇರವಾಗಿ ಕೇಳಿದ ಸ್ಕೌಟ್ ಪ್ರಯೋಗದ ಉತ್ತರ ಬರಲು 2010 ಆಯಿತು: ಸುಮಾರು 9,800 ಮಂದಿಯಲ್ಲಿ ಮಾತ್ರೆ ನುಂಗಿದವರಲ್ಲಿ ಶೇ. 11.4, ಹುಸಿಮಾತ್ರೆ ನುಂಗಿದವರಲ್ಲಿ ಶೇ. 10 ಮಂದಿಗೆ ಹೃದಯಾಘಾತ, ಪಾರ್ಶ್ವವಾಯು ಇಲ್ಲವೇ ಹೃದಯದ ಸಾವು ಎದುರಾಗಿತ್ತು. ಯುರೋಪು, ಅಮೆರಿಕ ಕೈಬಿಟ್ಟವು. ಭಾರತ 2011ರಲ್ಲಿ ನಿಷೇಧಿಸಿತು.

ತೂಕ ಇಳಿಸುವ ಇಂದಿನ ಇಂಜೆಕ್ಷನ್ನುಗಳು ಈ ಸಾಲಿನಲ್ಲಿ ಬೇರೆಯಾಗಿ ನಿಲ್ಲಲು ಕಾರಣ ತೂಕದ ಔಷಧಗಳ ಲೋಕದ ಪಶ್ಚಾತ್ತಾಪವೇನೂ ಅಲ್ಲ, ಮಧುಮೇಹದ ಲೋಕದ ಒಂದು ರಗಳೆ. ನ್ಯೂಯಾರ್ಕಿನ ಬ್ರಾಂಕ್ಸ್‌ನ ವೈದ್ಯ ಜಾನ್ ಎಂಗ್ 1992ರಲ್ಲಿ ಗಿಲಾ ಮಾನ್‌ಸ್ಟರ್ ಎಂಬ ವಿಷದ ಹಲ್ಲಿಯ ಜೊಲ್ಲಿನಲ್ಲಿ, ನಮ್ಮ ಕರುಳಿನ ಜಿಎಲ್‌ಪಿ-1 ಹಾರ್ಮೋನಿನಂತೆ ಕೆಲಸ ಮಾಡುವ ಒಂದು ವಸ್ತು ಕಂಡರು. ಅದರಿಂದ ಹುಟ್ಟಿದ ಶುಗರ್ ಇಂಜೆಕ್ಷನ್ ಎಕ್ಸೆನಟೈಡ್ 2005ರಲ್ಲಿ ಬಂತು. 2007ರಲ್ಲಿ ಹೃದ್ರೋಗ ತಜ್ಞ ಸ್ಟೀವನ್ ನಿಸೆನ್, ರೋಸಿಗ್ಲಿಟಜೋನ್ ಎಂಬ ಮತ್ತೊಂದು ಶುಗರ್ ಮಾತ್ರೆ ಹೃದಯಾಘಾತ ಹೆಚ್ಚಿಸುತ್ತದೆ ಎಂಬ ಲೆಕ್ಕ ಮುಂದಿಟ್ಟರು. ಗದ್ದಲವಾಯಿತು. ಹೊಸ ಶುಗರ್ ಔಷಧ ತರುವವರು ಹೃದಯಕ್ಕೆ ಕೆಡುಕಿಲ್ಲವೆಂದು ತೋರಿಸಲೇಬೇಕು ಎಂದು 2008ರ ಡಿಸೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಕರು ತಾಕೀತು ಮಾಡಿದರು. ಕಂಪನಿಗಳು ಗೊಣಗುತ್ತಲೇ ಸಾವಿರಾರು ಜನರ ಪ್ರಯೋಗಗಳಿಗೆ ದುಡ್ಡು ಸುರಿದವು. ಕೆಡುಕಿಲ್ಲ ಎಂದು ತೋರಿಸಲು ಹೊರಟ ಪ್ರಯೋಗಗಳು ಒಳಿತನ್ನೇ ತೋರಿಸಿದವು: ಜಿಎಲ್‌ಪಿ-1 ಜಾತಿಯ ಇಂಜೆಕ್ಷನ್ನುಗಳಲ್ಲಿ 2016ರಲ್ಲಿ ಲಿರಾಗ್ಲುಟೈಡ್, ಅದೇ ವರ್ಷ ಸೆಮಾಗ್ಲುಟೈಡ್.

ಅಲ್ಲಿಂದ ಮುಂದೆ ಸೆಮಾಗ್ಲುಟೈಡ್‌ನ ‘ಸೆಲೆಕ್ಟ್’ ಪ್ರಯೋಗ. 41 ದೇಶಗಳ 17,604 ಮಂದಿ. ಎಲ್ಲರಿಗೂ ಮೊದಲೇ ಹೃದಯ ಅಥವಾ ರಕ್ತನಾಳದ ಕಾಯಿಲೆ ಇತ್ತು, ಬಿಎಂಐ 27 ಅಥವಾ ಅದಕ್ಕಿಂತ ಹೆಚ್ಚಿತ್ತು, ಮಧುಮೇಹ ಇರಲಿಲ್ಲ. ಮೂರು ವರ್ಷಕ್ಕೂ ಮೀರಿ ಗಮನಿಸಿ 2023ರಲ್ಲಿ ಪ್ರಕಟಿಸಿದ ಫಲಿತಾಂಶ ಹೀಗಿತ್ತು: ಹೃದಯದ ಸಾವು, ಹೃದಯಾಘಾತ ಅಥವಾ ಪಾರ್ಶ್ವವಾಯು ಸೆಮಾಗ್ಲುಟೈಡ್ ಚುಚ್ಚಿಸಿಕೊಂಡವರಲ್ಲಿ ಶೇ. 6.5, ಹುಸಿ ಇಂಜೆಕ್ಷನ್ ಪಡೆದವರಲ್ಲಿ ಶೇ. 8. ಪತ್ರಿಕೆಗಳು ‘ಶೇ. 20 ಇಳಿಕೆ’ ಎಂದು ಬರೆದವು. ಸುಳ್ಳಲ್ಲ, ಆದರೆ ಸುಮಾರು 67 ಮಂದಿ ಇಷ್ಟು ಕಾಲ ಚುಚ್ಚಿಸಿಕೊಂಡರೆ ಒಬ್ಬರಿಗೆ ಆಗಬೇಕಿದ್ದ ಅನಾಹುತ ತಪ್ಪುತ್ತದೆ ಎಂದರೂ ಅದೇ ಲೆಕ್ಕ. ವಾಂತಿ, ಭೇದಿ ಸೇರಿದಂತೆ ಅಡ್ಡಪರಿಣಾಮಗಳನ್ನು ತಾಳಲಾರದೆ ಬಿಟ್ಟವರು ಔಷಧದ ಗುಂಪಿನಲ್ಲಿ ಇಮ್ಮಡಿ. ಇನ್ನೊಂದು ಸೋಜಿಗವಿದೆ. ಈ ಇಂಜೆಕ್ಷನ್ ಕೂಡ ನಾಡಿಯನ್ನು ನಿಮಿಷಕ್ಕೆ ಒಂದರಿಂದ ನಾಲ್ಕು ಬಡಿತ ಏರಿಸುತ್ತದೆ. ಹಳೆಯ ಮದ್ದುಗಳಲ್ಲಿ ಅಪಾಯದ ಮುನ್ಸೂಚನೆಯಾಗಿದ್ದ ಲಕ್ಷಣ ಇಲ್ಲಿದ್ದೂ ಹೃದಯಾಘಾತ ಕಡಿಮೆಯಾಯಿತು.

ಈ ಉತ್ತರ ಎಲ್ಲರ ಹೃದಯಕ್ಕೂ ಹೊಂದುವುದಿಲ್ಲ. ಪಂಪಿನ ಬಲವೇ ಕುಂದಿದ್ದ 300 ಮಂದಿಯಲ್ಲಿ ಲಿರಾಗ್ಲುಟೈಡನ್ನು ಪರೀಕ್ಷಿಸಿದ 2016ರ ಫೈಟ್ ಪ್ರಯೋಗದಲ್ಲಿ ಪ್ರಯೋಜನ ಕಾಣಲಿಲ್ಲ, ವೈದ್ಯರು ಎಚ್ಚರಗೊಂಡರು. ಬಲವಿದ್ದೂ ಹೃದಯದ ಗೋಡೆ ಬಿಗಿದಿದ್ದ 529 ಸ್ಥೂಲಕಾಯರಲ್ಲಿ ಸೆಮಾಗ್ಲುಟೈಡ್ ಏದುಸಿರು ತಗ್ಗಿಸಿತು, ನಡೆಯುವ ಶಕ್ತಿ ಹೆಚ್ಚಿಸಿತು. ಎರಡಕ್ಕೂ ‘ಹಾರ್ಟ್ ಫೇಲ್ಯೂರ್’ ಎಂದೇ ಹೆಸರು. ಯಾವುದೆಂದು ಹೇಳಬಲ್ಲದ್ದು ಎಕೋ.

ಭಾರತಕ್ಕೆ ‘ಮೌಂಜಾರೋ’ ಇಂಜೆಕ್ಷನ್ 2025ರ ಮಾರ್ಚ್‌ನಲ್ಲಿ, ಸೆಮಾಗ್ಲುಟೈಡ್‌ನ ‘ವೆಗೋವಿ’ ಜೂನ್‌ನಲ್ಲಿ ಬಂದವು. ಮೌಂಜಾರೋದಲ್ಲಿರುವುದು ಟಿರ್ಜೆಪಟೈಡ್, ಸೆಲೆಕ್ಟ್‌ನ ಅಂಕಿಗಳು ಅದರವಲ್ಲ. ಅದರ ದೊಡ್ಡ ಹೃದಯ ಪ್ರಯೋಗ ನಡೆದದ್ದು ಮಧುಮೇಹ ಮತ್ತು ರಕ್ತನಾಳದ ಕಾಯಿಲೆ ಎರಡೂ ಇದ್ದ 13 ಸಾವಿರಕ್ಕೂ ಹೆಚ್ಚು ಮಂದಿಯಲ್ಲಿ, ಹೋಲಿಕೆ ಹುಸಿಮದ್ದಿನ ಜೊತೆಗಲ್ಲ, ಅದೇ ಜಾತಿಯ ಹಳೆಯ ಇಂಜೆಕ್ಷನ್ ಜೊತೆಗೆ. ಅದಕ್ಕಿಂತ ಕಡಿಮೆಯಿಲ್ಲ ಎಂದು ಸಾಬೀತಾಯಿತು. ಮದುವೆಗೆ ಮುಂಚೆ ಹತ್ತು ಕಿಲೋ ಇಳಿಸಲು ಬರುವ ಮೂವತ್ತರ ಯುವತಿ ಈ ಯಾವ ಪ್ರಯೋಗದಲ್ಲೂ ಇರಲಿಲ್ಲ. ಸೆಲೆಕ್ಟ್ ಸೇರಿಸಿಕೊಂಡದ್ದು 45 ದಾಟಿದವರನ್ನು, ಅವರಲ್ಲಿ ಸುಮಾರು ಮುಕ್ಕಾಲು ಪಾಲು ಗಂಡಸರು, ಬಹುಪಾಲು ಬಿಳಿಯರು. ನಮ್ಮಲ್ಲಿ ಹೊಟ್ಟೆಯ ಸುತ್ತ ಬೊಜ್ಜು ಬೇಗ ಕೂರುವುದರಿಂದ ವೈದ್ಯರು ಬಿಎಂಐ 25ಕ್ಕೇ ಸ್ಥೂಲಕಾಯ ಎನ್ನುತ್ತಾರೆ; ಹೃದಯಾಘಾತವೂ ಇಲ್ಲಿ ಅವಸರದ್ದು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ 40ರೊಳಗಿನ ಹೃದ್ರೋಗಿಗಳಿಗಾಗಿಯೇ ಪ್ರತ್ಯೇಕ ದಾಖಲಾತಿ ಇಟ್ಟು ಅಧ್ಯಯನ ಮಾಡಿದೆ. ಆ ವಯಸ್ಸಿನವರು ಸೆಲೆಕ್ಟ್‌ನ ಬಾಗಿಲಲ್ಲೇ ಉಳಿದವರು.

ನಿಲ್ಲಿಸಿದರೆ ಏನಾಗುತ್ತದೆ ಎಂಬುದಕ್ಕೂ ಉತ್ತರವಿದೆ: ಸೆಮಾಗ್ಲುಟೈಡ್ ಬಿಟ್ಟ ಒಂದು ವರ್ಷದಲ್ಲಿ ಇಳಿದ ತೂಕದ ಮೂರರಲ್ಲಿ ಎರಡು ಪಾಲು ಮರಳಿತು, ಬಿಪಿಯೂ ಹಳೆಯ ಜಾಗಕ್ಕೆ ಹತ್ತಿತು. ಚುಚ್ಚಿಸಿಕೊಳ್ಳುತ್ತಿರುವಾಗಿನ ಕೆಲಸ ಬೇರೆ. ತೂಕ ಇಳಿದಂತೆ ಬಿಪಿಯೂ ಇಳಿಯುತ್ತದೆ. ಹಳೆಯ ಪ್ರಮಾಣದಲ್ಲೇ ಬಿಪಿ ಮಾತ್ರೆ ನುಂಗುತ್ತಿದ್ದರೆ ಎದ್ದು ನಿಂತಾಗ ತಲೆ ಸುತ್ತಿ ಬೀಳಬಹುದು. ಅದು ಮೂತ್ರ ಹೆಚ್ಚಿಸುವ ಬಗೆಯ ಮಾತ್ರೆಯಾಗಿದ್ದು, ಇಂಜೆಕ್ಷನ್ನಿನಿಂದ ವಾಂತಿ ಭೇದಿಯೂ ಹತ್ತಿದ್ದರೆ ಮೈಯ ನೀರಿನ ಜೊತೆ ಪೊಟ್ಯಾಷಿಯಂ ಕೂಡ ಹೋಗುತ್ತದೆ. ಅದಕ್ಕೇ ಡೋಸ್ ಏರಿಸುವ ತಿಂಗಳುಗಳಲ್ಲಿ ಬಿಪಿ ಅಳೆಯುವುದು, ರಕ್ತದ ಲವಣಗಳನ್ನೂ ಕಿಡ್ನಿಯನ್ನೂ ಪರೀಕ್ಷಿಸುವುದು, ಹಳೆಯ ಮಾತ್ರೆಗಳ ಪಟ್ಟಿಯನ್ನು ಮತ್ತೆ ತಿದ್ದುವುದು ಇಂಜೆಕ್ಷನ್ ಬರೆದ ವೈದ್ಯರ ಕೆಲಸದಲ್ಲಿ ಸೇರಿದೆ.